ಎರಡು ಗೀರಿನ ಕೀಲಿಕೈ

ಬೀಗದ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬೀಗ ಹಾಕುವುದು, ಬೀಗ ಬಿಚ್ಚುವುದು, ಕೀಲಿಕೈ ಕಳೆದುಕೊಂಡು ತಮ್ಮದೇ ಬಾಗಿಲ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತವರನ್ನು ಒಳಗೆ ಕಳಿಸುವುದು, ಮೂವತ್ತೊಂದು ವರ್ಷಗಳಿಂದ ಇದೇ ಅವರ ಕಸುಬು. ಆದರೆ ಕೆಲಸ ಮುಗಿದ ಮೇಲೆ ಗಿರಾಕಿಯನ್ನು ನಿಲ್ಲಿಸಿಕೊಂಡು ಬೀಗದ ಬಗ್ಗೆ ಕಾಲು ಗಂಟೆ ಉಪದೇಶ ಮಾಡದೆ ಬಿಡುತ್ತಿರಲಿಲ್ಲ. ಕೇಳಿ ಕೇಳಿ ಸುಸ್ತಾದ ಯಾರೋ ಒಬ್ಬರು ಮೇಷ್ಟ್ರು ಎಂದು ಕರೆದರು, ಅದೇ ಅಂಟಿಕೊಂಡಿತು.

ಉಪದೇಶದ ಕೊನೆಗೊಂದು ಶಾಸ್ತ್ರವಿತ್ತು. ಹೊಸ ಬೀಗದ ಕೀಲಿಕೈಗಳನ್ನು ಒಂದೊಂದಾಗಿ ಎಣಿಸಿ ಮನೆಯವರ ಅಂಗೈಗೆ ಹಾಕುವರು. ಆಮೇಲೆ ತಮ್ಮ ಪ್ಯಾಂಟಿನ ಎರಡೂ ಜೇಬುಗಳನ್ನು ಹೊರಕ್ಕೆ ಎಳೆದು ತೋರಿಸುವರು. ಬಿಳೀ ಜೇಬುಗಳು ಎರಡು ಕಡೆ ನೇತಾಡುತ್ತಿರಲು ಗಂಭೀರವಾಗಿ ನಿಂತ ಅವರನ್ನು ನೋಡಿ ಮಕ್ಕಳು ನಗುತ್ತಿದ್ದವು. ಅವರಿಗೆ ನಗು ಬರುತ್ತಿರಲಿಲ್ಲ. ಕಸುಬು ಕಲಿಸಿದ ಯಜಮಾನರು ಹೇಳಿದ್ದರು: ಬೇರೆಯವರ ಮನೆ ಕೀ ಒಂದು ದಿನ ನಿನ್ನ ಜೇಬಲ್ಲಿತ್ತು ಅಂದ್ರೆ, ಅವತ್ತಿಂದ ನೀನು ಬೀಗದವನಲ್ಲ, ಕಳ್ಳ. ಮೇಷ್ಟ್ರು ಅದನ್ನು ಎಷ್ಟು ಹಚ್ಚಿಕೊಂಡರೆಂದರೆ, ಜೇಬಿನಲ್ಲಿ ಕರವಸ್ತ್ರವನ್ನೂ ಇಟ್ಟುಕೊಳ್ಳದೆ ಎಲ್ಲವನ್ನೂ ಕೈಚೀಲದಲ್ಲೇ ಹೊತ್ತು ತಿರುಗುತ್ತಿದ್ದರು.

ಇನ್ನೊಂದು ಪದ್ಧತಿಯಿತ್ತು. ಕೊಡುವ ಪ್ರತಿ ಕೀಲಿಕೈಯ ತಲೆಯ ಅಂಚಿಗೆ ಅರದಿಂದ ಗೀರು ಹಾಕುವರು. ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಎಲ್ಲಾದರೂ ಬಿದ್ದು ಸಿಕ್ಕರೆ ಯಾರದ್ದೆಂದು ತಿಳಿಯಲಿ ಎಂದು. ಉಗುರಿಗೆ ತಾಕೀತೇ ಹೊರತು ಕಣ್ಣಿಗೆ ಬೀಳದಷ್ಟು ಸಣ್ಣ ಗೀರು. ಈ ಗುಟ್ಟನ್ನು ಮನೆಯ ಯಜಮಾನರ ಕಿವಿಯಲ್ಲಿ ಮಾತ್ರ ಹೇಳುತ್ತಿದ್ದರು.

ಇಂಥ ಮನುಷ್ಯನಿಗೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಪ್ರೀತಿ ಹುಟ್ಟಿತು. ನಗುವವರು ನಗಲಿ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಸಂಜೆ ಮನೆಗೆ ಹೋದರೆ ಗೋಡೆಗೆ ಉಪದೇಶ ಮಾಡಬೇಕಿತ್ತು. ಮೂರು ಬೀದಿ ಆಚೆಗಿನ ಲಾಂಡ್ರಿಯ ಷಟರಿನ ಬೀಗ ಕಚ್ಚಿಕೊಂಡಿದೆ ಎಂದು ಕರೆ ಬಂತು, ಹೋದರು. ಲಾಂಡ್ರಿಯನ್ನು ನಡೆಸುತ್ತಿದ್ದಾಕೆ ಅವರ ಕಾಲು ಗಂಟೆಯ ಉಪದೇಶವನ್ನು ಪೂರ್ತಿ ಕೇಳಿದರು. ಅಷ್ಟೇ ಅಲ್ಲ, ಮುಗಿದ ಮೇಲೆ ಒಂದು ಪ್ರಶ್ನೆಯನ್ನೂ ಕೇಳಿದರು. ಮೇಷ್ಟ್ರು ಅಲ್ಲೇ ಕರಗಿಹೋದರು.

ಲಾಂಡ್ರಿಯಮ್ಮನಿಗೆ ಐವತ್ತೊಂದು. ಆಕೆಗೂ ಆಕೆಯದೇ ಶಾಸ್ತ್ರಗಳಿದ್ದವು. ಜೇಬು ನೋಡದೆ ಯಾವ ಬಟ್ಟೆಯೂ ನೀರಿಗೆ ಇಳಿಯಕೂಡದು. ಸಿಕ್ಕಿದ್ದನ್ನು ಚೀಟಿಯಲ್ಲಿ ಬರೆದು, ಕಂದು ಕವರಿಗೆ ಹಾಕಿ, ಬಟ್ಟೆಯ ಜೊತೆ ಪಿನ್ ಹೊಡೆದು ಗಿರಾಕಿಗೆ ವಾಪಸ್ ಕೊಡಬೇಕು. ಒಮ್ಮೆ ಹಲ್ಲಿನ ಸೆಟ್ಟು ಸಿಕ್ಕಿತ್ತಂತೆ, ಒಮ್ಮೆ ಯಾರದೋ ಗಂಡನ ಕೋಟಿನಲ್ಲಿ ಇನ್ಯಾರದೋ ಪ್ರೇಮಪತ್ರ.

"ಅದನ್ನೂ ವಾಪಸ್ ಕೊಟ್ರಾ?" ಎಂದು ಮೇಷ್ಟ್ರು ಕೇಳಿದ್ದರು.

"ಮತ್ತೆ? ಜೇಬಲ್ಲಿ ಸಿಕ್ಕಿದ್ದು ಗಿರಾಕಿದು. ಅವರ ಜೇಬಿಗೆ ಹೇಗ್ ಬಂತು ಅಂತ ಕೇಳೋಕೆ ನಾವ್ಯಾರು?"

ಇಷ್ಟು ಮಾತಿಗೇ ಮೇಷ್ಟ್ರಿಗೆ ಇದು ತನ್ನ ಜಾತಿಯ ಜೀವ ಅನ್ನಿಸಿಬಿಟ್ಟಿತು. ಆರು ತಿಂಗಳಲ್ಲಿ ಚಹಾ, ವಾಕಿಂಗು, ಭಾನುವಾರದ ಊಟದವರೆಗೂ ಬಂತು. ಎಲ್ಲವೂ ನೆಟ್ಟಗೆ ನಡೆಯುತ್ತಿತ್ತು, ಪುಟ್ಟನೊಬ್ಬನನ್ನು ಬಿಟ್ಟು.

ಪುಟ್ಟ ಎಂದರೆ ಆಕೆಯ ಒಬ್ಬನೇ ಮಗ. ಎತ್ತರ ಆರಡಿ ಎರಡಂಗುಲ, ವಯಸ್ಸು ಇಪ್ಪತ್ತೆಂಟು, ನಾಲ್ಕು ಒದ್ದೆ ಕಂಬಳಿಗಳನ್ನು ಒಂದೇ ಸಲಕ್ಕೆ ಎತ್ತುವ ಆಳು. ತಾಯಿಯ ಜೊತೆ ಲಾಂಡ್ರಿಯಲ್ಲೇ ಕೆಲಸ, ತಾಯಿಯ ಜೊತೆಯಲ್ಲೇ ಮನೆ. ಅವನು ಮೇಷ್ಟ್ರ ಜೊತೆ ಒಂದು ದಿನವೂ ಜಗಳ ಆಡಲಿಲ್ಲ. ಆಡಿದ್ದರೆ ಮೇಷ್ಟ್ರಿಗೆ ಎಷ್ಟೋ ಅನುಕೂಲವಾಗುತ್ತಿತ್ತು. ಅವನು ನಗುತ್ತಿದ್ದ. ಸಿನಿಮಾಕ್ಕೆ ಹೋಗೋಣವೆಂದರೆ ತಾನೇ ಮೂರು ಟಿಕೆಟ್ ತರುತ್ತಿದ್ದ, ನಡುವಿನ ಸೀಟಿನಲ್ಲಿ ತಾನು ಕೂರುತ್ತಿದ್ದ, ಅತ್ತ ಇತ್ತ ಇಬ್ಬರಿಗೂ ಪಾಪ್‌ಕಾರ್ನ್ ಹಂಚುತ್ತಿದ್ದ. ಎರಡೂವರೆ ಗಂಟೆಯ ಸಿನಿಮಾದಲ್ಲಿ ಮೇಷ್ಟ್ರಿಗೆ ಆಕೆಯ ಮೂಗಿನ ತುದಿ ಎರಡು ಸಲ ಕಂಡಿತ್ತು. ಪಾರ್ಕಿನಲ್ಲಿ ಇಬ್ಬರೇ ಕೂತರೆ ಫೋನ್ ಬರುತ್ತಿತ್ತು: "ಅಮ್ಮಾ, ಬಾಯ್ಲರ್ ಏನೋ ಸದ್ದು ಮಾಡ್ತಿದೆ, ಬೇಗ ಬಾ." ಬಾಯ್ಲರಿಗೆ ಏನೂ ಆಗಿರುತ್ತಿರಲಿಲ್ಲ.

"ಬೀಗ ಹಾಕೋಕೆ ಅಂತ ಬಂದವರು ಬೀಗರಾಗೋಕೆ ಹೊರಟಿದ್ದಾರೆ," ಎಂದು ಒಂದು ದಿನ ಊಟದ ಮೇಜಿನಲ್ಲಿ ಹೇಳಿ ತಾನೇ ಮೊದಲು ನಕ್ಕ. ಮೇಷ್ಟ್ರೂ ನಕ್ಕು, ಕಲಸಿದ ಅನ್ನವನ್ನೇ ಇನ್ನೊಮ್ಮೆ ಕಲಸಿದರು. ತಾಯಿ ಮಗನನ್ನು ಗದರಲಿಲ್ಲ. ಆಕೆ ಎಂದೂ ಅವನನ್ನು ಗದರಿದವರಲ್ಲ. ಮೇಷ್ಟ್ರನ್ನು ಸುಡುತ್ತಿದ್ದುದು ಅದೇ. ಒಂದು ದಿನ ಮಗ, ತಾನು ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಾಗಿ ಬಂದರೆ ಆಕೆಯ ಬಾಯಲ್ಲಿ ತನ್ನ ಪರವಾಗಿ ಒಂದು ಮಾತಾದರೂ ಬಂದೀತೇ?

ಕಾರಣವನ್ನು ಆಕೆಯೇ ಪಾರ್ಕಿನ ಬೆಂಚಿನಲ್ಲಿ ಹೇಳಿದ್ದರು. "ಪುಟ್ಟನಿಗೆ ಆರು ವರ್ಷ ಇದ್ದಾಗ ಅವನಪ್ಪ ಒಂದಿನ ಬೆಳಗ್ಗೆ ಕೆಲಸಕ್ಕೆ ಅಂತ ಹೋದ್ರು. ಜೇಬಲ್ಲಿ ಮನೆ ಕೀ ಇತ್ತು. ಇನ್ನೊಂದು ಊರಲ್ಲಿ ಇನ್ನೊಂದು ಮನೆ ಮಾಡಿದ್ರು ಅಂತ ಆಮೇಲೆ ಗೊತ್ತಾಯ್ತು. ನಾನು ಅತ್ತು ಮುಗಿಸ್ದೆ. ಇವನು ಮಾತ್ರ ವರ್ಷಗಟ್ಲೆ ಬಾಗಿಲಲ್ಲಿ ಕೀ ಸದ್ದು ಆಗತ್ತಾ ಅಂತ ಕಿವಿ ಕೊಟ್ಟು ಕೂರ್ತಿದ್ದ. ಬೀಗ ಬದಲಾಯಿಸ್ತೀನಿ ಅಂದ್ರೆ ಚೀರಾಡ್ತಿದ್ದ, ಅಪ್ಪ ಬಂದ್ರೆ ಒಳಗ್ ಹೇಗ್ ಬರ್ತಾರೆ ಅಂತ." ಹಾಗಾಗಿ ಆ ಮನೆಗೆ ಇಪ್ಪತ್ತೆರಡು ವರ್ಷದಿಂದ ಅದೇ ಹಳೇ ಬೀಗ.

ಆದ್ದರಿಂದ ಪುಟ್ಟ ತಾನಾಗಿಯೇ, "ಅಂಕಲ್, ನಮ್ಮನೆ ಬೀಗ ಬದಲಾಯಿಸ್ಬೇಕು, ನೀವೇ ಬನ್ನಿ," ಎಂದಾಗ ಲಾಂಡ್ರಿಯಮ್ಮನ ಕಣ್ಣಲ್ಲಿ ನೀರಾಡಿತು. ಹುಡುಗ ಕೊನೆಗೂ ಅಪ್ಪನನ್ನು ಬಿಟ್ಟ ಎಂದುಕೊಂಡರು. ಮೇಷ್ಟ್ರೂ ಹಾಗೇ ಎಂದುಕೊಂಡು, ತಮ್ಮಲ್ಲಿದ್ದ ಬೀಗಗಳಲ್ಲೇ ಗಟ್ಟಿಯಾದದ್ದನ್ನು ಆರಿಸಿ ಒಯ್ದರು.

ಬೀಗ ಕೂರಿಸುವವರೆಗೂ ಪುಟ್ಟ ಪಕ್ಕದಲ್ಲೇ ನಿಂತಿದ್ದ. "ಗಟ್ಟಿ ಇರ್ಲಿ ಅಂಕಲ್. ಕಳ್ಳರ ಭಯ ಅಂತಲ್ಲ, ಈಚೆಗೆ ಯಾರ್ಯಾರೋ ಬರ್ತಿರ್ತಾರೆ," ಎಂದು ನಕ್ಕ. ಮೇಷ್ಟ್ರ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಜಾರಿತು. ತನ್ನನ್ನು ಹೊರಗಿಡಲು ತನ್ನ ಕೈಯಲ್ಲೇ ಬೀಗ ಹಾಕಿಸುತ್ತಿದ್ದಾನೆ, ಅಷ್ಟೇ. ಅವನು ಬಾಗಿಲನ್ನು ಹಾಕಿ ತೆಗೆದು ನೋಡುತ್ತಿದ್ದಾಗ ಮೇಷ್ಟ್ರು ಆಕೆಯ ಕಿವಿಯಲ್ಲಿ ಗೀರಿನ ಗುಟ್ಟು ಹೇಳಿ, "ಮೊದಲನೇದು ಯಾರಿಗೆ?" ಎಂದರು.

"ಪುಟ್ಟನಿಗೆ. ಎರಡನೇದು ನನಗೆ. ಮೂರನೇದು ಅಡುಗೆಮನೆ ಗುಂಡಿ ಡಬ್ಬೀಲಿ ಇರ್ಲಿ."

ಕೀಲಿಕೈ ಎಣಿಸಿ ಕೊಟ್ಟಾಯಿತು. ಮೇಷ್ಟ್ರು ಜೇಬುಗಳನ್ನು ಹೊರಗೆಳೆದರು. ಪುಟ್ಟ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ಶರ್ಟಿನ ಜೇಬು?" ಎಂದ. ಮೇಷ್ಟ್ರು ಅದನ್ನೂ ತೋರಿಸಿದರು.

ಅದಾಗಿ ಮುಂದಿನ ಭಾನುವಾರ ಊಟ ಮುಗಿಸಿ ಹೊರಟಾಗ ಲಾಂಡ್ರಿಯಮ್ಮ ತಾವೇ ಮೇಷ್ಟ್ರ ಕಂದು ಕೋಟು ತಂದು ತೊಡಿಸಿದರು. ಕಾಲರ್ ಸರಿಮಾಡುತ್ತ ತಗ್ಗಿದ ದನಿಯಲ್ಲಿ, "ಗುರುವಾರ ಮಧ್ಯಾಹ್ನ ಅಂಗಡಿ ರಜ. ಪುಟ್ಟ ಹೋಟೆಲಿನ ಬಟ್ಟೆ ತರೋಕೆ ಹೋದ್ರೆ ಬರೋದು ಸಂಜೇನೇ," ಎಂದರು. ಮೇಷ್ಟ್ರು, "ಹೌದಾ, ಪಾಪ, ಅಷ್ಟು ದೂರ," ಎಂದರು. ಬೀಗದ ಹೊಟ್ಟೆಯೊಳಗೆ ಏನಿದೆಯೆಂದು ಹೊರಗಿನಿಂದಲೇ ಹೇಳಬಲ್ಲ ಮನುಷ್ಯ, ಇಂಥ ವಿಷಯದಲ್ಲಿ ಶುದ್ಧ ಪೆದ್ದ.

ಗುರುವಾರ ಅವರು ಯಾರದೋ ತಿಜೋರಿ ಬಿಚ್ಚುತ್ತಿದ್ದರು. ಮರು ಭಾನುವಾರ ಆಕೆಯ ಮುಖ ಬಿಗಿದಿತ್ತು. ಇನ್ನೊಂದು ಗುರುವಾರ ಕಳೆಯಿತು, ಮುಖ ಇನ್ನಷ್ಟು ಬಿಗಿಯಿತು.

"ಏನೂ ಸಿಗ್ಲಿಲ್ವಾ ನಿಮಗೆ?" ಎಂದರು ಆಕೆ, ಪುಟ್ಟ ಕೈ ತೊಳೆಯಲು ಎದ್ದಾಗ.

"ಏನು?"

"ಏನಿಲ್ಲ ಬಿಡಿ."

ಆ 'ಏನಿಲ್ಲ ಬಿಡಿ' ಮೇಷ್ಟ್ರ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಮಗ ಗೆದ್ದ, ನನ್ನ ಕಥೆ ಮುಗಿಯಿತು ಎಂದುಕೊಂಡರು. ಅದೇ ದಿನ ಆಕೆ ಒಳಗೆ ಪಾತ್ರೆ ತೊಳೆಯುತ್ತಿದ್ದಾಗ ಪುಟ್ಟ, "ಅಂಕಲ್, ಈ ಕಪಾಟಿನ ಬಾಗಿಲು ಕಿರ್ ಅನ್ನತ್ತೆ, ಸ್ವಲ್ಪ ನೋಡಿ," ಎಂದ. ಎಣ್ಣೆ ಹಿಡಿದುಕೊಂಡು ನಿಂತವನೂ ಅವನೇ, ಅದು ಕೋಟಿನ ತೋಳಿನ ಮೇಲೆ ಚೆಲ್ಲಿದ್ದೂ ಅವನ ಕೈಯಿಂದಲೇ. ಬೇಕೆಂದೇ ಚೆಲ್ಲಿದನೋ, ಇಲ್ಲವೋ. "ಅಯ್ಯೋ! ಬಿಟ್ಟು ಹೋಗಿ ಅಂಕಲ್, ನಾನೇ ಒಗೆದು ಕೊಡ್ತೀನಿ. ಅಮ್ಮನಿಗೆ ಹೇಳ್ಬೇಡಿ, ಬೈತಾಳೆ." ಬೈಸಿಕೊಂಡೇ ಗೊತ್ತಿಲ್ಲದವನ ಬಾಯಲ್ಲಿ ಈ ಮಾತು. ಮೇಷ್ಟ್ರು ಕೋಟು ಬಿಚ್ಚಿಕೊಟ್ಟು, ಚಳಿಯಲ್ಲಿ ನಡುಗುತ್ತ ಮನೆಗೆ ಹೋದರು.

ಶುಕ್ರವಾರ ಅವನ ಫೋನ್ ಬಂತು. "ಕೋಟು ರೆಡಿ ಇದೆ. ನಾಳೆ ಹನ್ನೊಂದು ಗಂಟೆಗೆ ಬನ್ನಿ ಅಂಕಲ್. ಹನ್ನೊಂದಕ್ಕೇ ಬನ್ನಿ."

ಶನಿವಾರ ಹನ್ನೊಂದು ಎಂದರೆ ಲಾಂಡ್ರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಯಂತ್ರಗಳು ಗುಡುಗುಡು ಎನ್ನುತ್ತಿದ್ದವು, ಇಸ್ತ್ರಿಯ ಹಬೆಗೆ ಗಾಜಿನ ಬಾಗಿಲು ಮಂಜಾಗಿತ್ತು. ಕೌಂಟರಿನ ಮುಂದೆ ನಾಲ್ಕು ಜನ. ಎಲ್ಲರಿಗಿಂತ ಮುಂದೆ, ನಿವೃತ್ತ ಬ್ಯಾಂಕ್ ಮ್ಯಾನೇಜರು, ಸೂಟು ಒಯ್ಯಲು ಬಂದವರು. ಅವರ ಮನೆಯ ಮೂರೂ ಬಾಗಿಲುಗಳ ಬೀಗ ಮೇಷ್ಟ್ರದೇ. ಕೌಂಟರಿನ ಹಿಂದೆ ಲಾಂಡ್ರಿಯಮ್ಮ ಹಾಸಿಗೆಯ ಬಿಳೀ ಹೊದಿಕೆಯೊಂದನ್ನು ಮಡಿಸುತ್ತಿದ್ದರು. ಮೇಷ್ಟ್ರನ್ನು ನೋಡಿ ಅವರ ಹುಬ್ಬು ಮೇಲೇರಿತು. ಇವರು ಬರುವುದು ಆಕೆಗೆ ಗೊತ್ತಿರಲಿಲ್ಲ.

"ಬನ್ನಿ ಅಂಕಲ್, ನಿಮಗೇ ಕಾಯ್ತಿದ್ದೆ," ಎಂದ ಪುಟ್ಟ. ಕಂದು ಕೋಟನ್ನು ಕೌಂಟರಿನ ಮೇಲೆ ಹಾಸಿದ. ಕೋಟು ಕಂಡೊಡನೆ ಲಾಂಡ್ರಿಯಮ್ಮನ ಕೈ ನಿಂತಿತು.

ಪುಟ್ಟ ಚೀಟಿ ತೆಗೆದು, ಎಲ್ಲರಿಗೂ ಕೇಳುವಂತೆ ಓದಿದ. "ಕೋಟು ಒಂದು, ಕಂದು ಬಣ್ಣ. ಎಡತೋಳಲ್ಲಿ ಎಣ್ಣೆ ಕಲೆ. ಒಳಜೇಬಲ್ಲಿ ಕೀ ಒಂದು."

"ಕೀ? ನನ್ನ ಜೇಬಲ್ಲಾ?" ಮೇಷ್ಟ್ರಿಗೆ ನಿಜಕ್ಕೂ ನಗು ಬಂತು. "ಸಾಧ್ಯವೇ ಇಲ್ಲಪ್ಪ."

"ನಾನೂ ಹಾಗೇ ಅಂದ್ಕೊಂಡೆ. ನಂಬಿಕೆ ಬರ್ದೆ ಮನೆಗೆ ಹೋಗಿ ನಮ್ಮ ಬಾಗಿಲಿಗೇ ಹಾಕಿ ನೋಡ್ದೆ. ಬೆಣ್ಣೆ ಥರ ತಿರುಗ್ತು." ಅವನು ಕೀಲಿಕೈಯನ್ನು ಕೋಟಿನ ಮೇಲಿಟ್ಟ. "ಆಮೇಲೆ ಗುಂಡಿ ಡಬ್ಬಿ ತೆಗೆದು ನೋಡ್ದೆ. ಮೂರನೇ ಕೀ ಅಲ್ಲಿಲ್ಲ. ಜೇಬೆಲ್ಲ ತೋರಿಸಿ ಹೋದ್ರಲ್ಲ ಅಂಕಲ್ ಅವತ್ತು? ಯಾವಾಗ ಎತ್ಕೊಂಡ್ರಿ?"

ಮೇಷ್ಟ್ರು ಕೀಲಿಕೈ ಎತ್ತಿಕೊಂಡರು. ಕೊರೆದದ್ದು ತಾವೇ, ಕಣ್ಣು ಮುಚ್ಚಿದರೂ ಗುರುತು ಸಿಗುತ್ತದೆ. ಹೆಬ್ಬೆರಳ ಉಗುರು ತಾನಾಗಿ ಅಂಚಿಗೆ ಹೋಯಿತು. ಒಂದು ಗೀರು. ಎರಡು ಗೀರು. ಮೂರನೆಯದು ಇರಲಿಲ್ಲ.

ಇದು ಡಬ್ಬಿಯದ್ದಲ್ಲ. ಇದು ಆಕೆಯದು.

ಕಾಲರ್ ಸರಿಮಾಡಿದ ಕೈ, ಗುರುವಾರ ಮಧ್ಯಾಹ್ನ ಎಂದ ತಗ್ಗಿದ ದನಿ, ಏನೂ ಸಿಗಲಿಲ್ಲವಾ ಎಂಬ ಪ್ರಶ್ನೆ, ಎಲ್ಲವೂ ಒಟ್ಟಿಗೆ ನೆನಪಿಗೆ ಬಂದವು. ಬೇರೆ ಯಾವ ಗಂಡಸಾದರೂ ಮನೆ ಮುಟ್ಟುವುದರೊಳಗೆ ಜೇಬು ತಡಕಿ, ಕೀಲಿಕೈ ಹಿಡಿದುಕೊಂಡು ಕುಣಿದಿರುತ್ತಿದ್ದ. ಜೇಬಿಗೆ ಕೈ ಹಾಕುವುದನ್ನೇ ಮರೆತ ಗಂಡಸೆಂದರೆ ಈ ಊರಿಗೆಲ್ಲ ಇವರೊಬ್ಬರೇ. ಬೇರೆಯವರ ಮನೆಯ ಕೀಲಿಕೈ ಜೇಬಲ್ಲಿ ಸಿಕ್ಕರೆ ಬದುಕೇ ಹೋಗುವ ಗಂಡಸೂ ಇವರೊಬ್ಬರೇ. ಆಕೆ ಹುಡುಕಿ ಹುಡುಕಿ ಇವರ ಜೇಬಿಗೇ ಕೀಲಿಕೈ ಹಾಕಿದ್ದರು. ಆ ಗಳಿಗೆಯಲ್ಲೂ ಮೇಷ್ಟ್ರಿಗೆ ಸಂತೋಷವಾಯಿತು, ಕಣ್ಣು ಮಂಜಾಗುವಷ್ಟು. ಸಂತೋಷದ ಬೆನ್ನಿಗೇ ಭಯ.

ಮ್ಯಾನೇಜರು ಕೆಮ್ಮಿದರು. "ಮೇಷ್ಟ್ರೇ, ನಮ್ಮನೇದೂ ಬಾಗಿಲಿಗೆ ಮೂರು ಮೂರು ಕೀ ಅಂತ ಎಣಿಸಿ ಕೊಟ್ಟಿದ್ರಿ. ಅದರಲ್ಲಿ ನಾಲ್ಕನೇದೂ..."

"ಕೇಳಿಸ್ತಾ ಅಂಕಲ್? ಸಾರ್ ಕೇಳ್ತಿದ್ದಾರೆ," ಎಂದ ಪುಟ್ಟ. ಈಗ ಅವನು ನಗುತ್ತಿರಲಿಲ್ಲ.

ಮೇಷ್ಟ್ರು ಆಕೆಯತ್ತ ನೋಡಿದರು. ಆಕೆ ಮಡಿಸಿದ ಹೊದಿಕೆಯನ್ನು ಬಿಚ್ಚಿ ಮತ್ತೆ ಮಡಿಸುತ್ತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ಬಾಯಿ ತೆರೆದರು, ಮಗನ ಮುಖ ನೋಡಿದರು, ಬಾಯಿ ಮುಚ್ಚಿಕೊಂಡರು. ಮೇಷ್ಟ್ರು ಕಾದರು. ನಿಮ್ಮಮ್ಮನೇ ಕೊಟ್ಟಿದ್ದು, ಇದು ಅವರ ಕೀ, ಗೀರು ನೋಡು ಎಂದರೆ ಸಾಕು, ಮೂವತ್ತೊಂದು ವರ್ಷದ ಹೆಸರು ಉಳಿಯುತ್ತದೆ. ಆದರೆ ನಾಲ್ಕು ಜನ ಗಿರಾಕಿಗಳೆದುರು, ಮಗನೆದುರು, ಗಂಡಸೊಬ್ಬನ ಜೇಬಿಗೆ ಮನೆಯ ಕೀಲಿಕೈ ಹಾಕಿದವಳು ಎಂದು ಆಕೆಯನ್ನು ನಿಲ್ಲಿಸಿದಂತೆಯೂ ಆಗುತ್ತದೆ. ಹೇಳುವುದಿದ್ದರೆ ಆಕೆ ಹೇಳಬೇಕು. ಹೇಳದೆ ಇರುವ ಹಕ್ಕೂ ಆಕೆಯದೇ. ಇನ್ನೊಂದು ಉಸಿರಿನಷ್ಟು ಕಾದರು. ಆಕೆ ಹೊದಿಕೆಯ ಅಂಚಿಗೆ ಅಂಚು ಕೂಡಿಸುತ್ತಲೇ ಇದ್ದರು.

ಮೇಷ್ಟ್ರು ಗೀರುಗಳ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು. "ನಾನೇ ಇಟ್ಕೊಂಡಿದ್ದೆ," ಎಂದರು.

ಯಾರೋ ಲೊಚಗುಟ್ಟಿದರು. ಮ್ಯಾನೇಜರು ಒಂದು ಹೆಜ್ಜೆ ಹಿಂದೆ ಸರಿದರು, ಮೇಷ್ಟ್ರಿಗೆ ಅಂಟುರೋಗ ಬಂದಂತೆ.

"ಬರ್ಕೊಡಿ," ಎಂದ ಪುಟ್ಟ. ಚೀಟಿಯ ಬೆನ್ನು ತಿರುಗಿಸಿ ಮುಂದಿಟ್ಟ, ಪೆನ್ನು ಇಟ್ಟ. "ಗಿರಾಕಿ ಮನೆ ಕೀ ಕದ್ದಿದ್ದೆ, ಇನ್ಮೇಲೆ ಆ ಮನೆ ಮೆಟ್ಲು ಹತ್ತಲ್ಲ ಅಂತ ಬರೆದು ಸೈನ್ ಮಾಡಿ. ಗಾಜಿನ ಬಾಗಿಲಿಗೆ ಅಂಟಿಸ್ತೀನಿ."

ಮೇಷ್ಟ್ರು ಪೆನ್ನು ತೆಗೆದುಕೊಂಡರು. 'ನಾನು' ಎಂದು ಬರೆದರು. ಮುಂದಿನ ಪದಕ್ಕೆ ಕೈ ಏಳಲಿಲ್ಲ. ಕಸುಬು ಕಲಿಸಿದ ಯಜಮಾನರ ಮುಖ ಕಣ್ಣ ಮುಂದೆ ಬಂತು. ಆದರೂ ಪೆನ್ನು ಊರಿದರು.

ಆಗ ಚೀಟಿಯ ಮೇಲೆ ಒಂದು ಕೈ ಬಂದು ಕೂತಿತು. ಸೋಪಿನ ನೀರಿಗೆ ಬಿರಿದ ಬೆರಳುಗಳ ಕೈ.

"ಪುಟ್ಟ, ಈ ಚೀಟಿ ಬರ್ದೋನು ನೀನೇ ತಾನೆ?" ಎಂದರು ಲಾಂಡ್ರಿಯಮ್ಮ. ದನಿ ಸಣ್ಣಗಿತ್ತು. "ಕವರ್ ಎಲ್ಲಿ?"

"ಯಾವ ಕವರ್?"

"ಜೇಬಲ್ಲಿ ಸಿಕ್ಕಿದ್ದಕ್ಕೆ ಕವರ್ ಹಾಕ್ಬೇಕು. ಹತ್ತು ವರ್ಷದಿಂದ ಕೆಲಸ ಮಾಡ್ತಿದ್ದೀಯ, ನಾನ್ ಹೇಳ್ಕೊಡ್ಬೇಕಾ?"

ಆಕೆ ಕೌಂಟರಿನ ಕೆಳಗಿನಿಂದ ಕಂದು ಕವರೊಂದನ್ನು ತೆಗೆದರು. ಮೇಷ್ಟ್ರ ಬೆರಳುಗಳನ್ನು ಬಿಡಿಸಿ ಕೀಲಿಕೈ ತೆಗೆದುಕೊಂಡು ಕವರಿಗೆ ಹಾಕಿದರು, ಬಾಯಿ ಮಡಿಸಿದರು, ಕೋಟಿಗೆ ಸೇರಿಸಿ ಪಿನ್ ಹೊಡೆದರು. ಕೋಟನ್ನು ಮೇಷ್ಟ್ರ ಮುಂದೆ ತಳ್ಳಿದರು.

"ಜೇಬಲ್ಲಿ ಸಿಕ್ಕಿದ್ದು ಗಿರಾಕಿದು. ಈ ಅಂಗಡಿ ಶುರುವಾದಾಗಿಂದ ಇದೇ ರೂಲು."

"ಅಮ್ಮಾ, ಅದು ನಮ್ಮನೆ ಕೀ!"

"ನನ್ ಕೀ. ನಾನೇ ಹಾಕಿದ್ದು." ಹೇಳಿಬಿಟ್ಟ ಮೇಲೆ ಆಕೆಗೆ ಉಸಿರು ಬಂತು. ಮೊದಲ ಸಿಟ್ಟು ಮೇಷ್ಟ್ರ ಮೇಲೇ ಹರಿಯಿತು. "ಎರಡು ಗುರುವಾರ ಕಾದಿದೀನಿ ನಿಮಗೆ! ಜೇಬಿಗೆ ಕೈ ಹಾಕೋದೂ ಬರಲ್ವಾ? ಈಗ ನೋಡಿದ್ರೆ ಇಟ್ಕೊಂಡಿದ್ದೆ ಅಂತ ಸುಳ್ಳು ಬೇರೆ ಹೇಳ್ತೀರಿ. ಅದೂ ಈ ಸಾರ್ ಮುಂದೆ!"

ಸಾರ್ ತಮ್ಮ ಸೂಟನ್ನು ಎದೆಗಪ್ಪಿಕೊಂಡು ಗೋಡೆಯ ದರಪಟ್ಟಿಯನ್ನು ಓದತೊಡಗಿದರು, ಹೊರಗೆ ಮಾತ್ರ ಹೋಗಲಿಲ್ಲ.

ಪ್ರತಿಯೊಂದು ಮಾತಿಗೂ ಪುಟ್ಟ ಒಂದೊಂದು ಅಂಗುಲ ಗಿಡ್ಡವಾಗುತ್ತಿದ್ದಂತೆ ಕಂಡಿತು. "ಒಬ್ರು ಕೀ ಜೇಬಲ್ಲಿಟ್ಕೊಂಡು ಹೋದ್ರು," ಎಂದ. "ಇನ್ನೊಬ್ರಿಗೆ ನೀನೇ ಜೇಬಿಗೆ ಹಾಕಿ ಕರೀತಿದ್ದೀಯ. ನನ್ ಕೀ ಯಾಕೆ ಮತ್ತೆ? ಇದನ್ನೂ ಅವರಿಗೇ ಕೊಡು." ತನ್ನ ಕೀಲಿಕೈಯನ್ನು ಕೌಂಟರಿನ ಮೇಲೆ ಎಸೆದು, ಜನರನ್ನು ಸರಿಸಿಕೊಂಡು ಹೊರಟುಹೋದ. ಗಾಜಿನ ಬಾಗಿಲು ತುಂಬ ಹೊತ್ತು ಅಲ್ಲಾಡುತ್ತಿತ್ತು.

ಆಕೆ ಅವನ ಹಿಂದೆ ಓಡಲಿಲ್ಲ. ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು, ಓಡದಂತೆ ತಮ್ಮನ್ನು ತಾವೇ ಹಿಡಿದುಕೊಂಡವರ ಹಾಗೆ. ಆಮೇಲೆ ಉಳಿದವರ ಬಟ್ಟೆ ಒಂದೊಂದಾಗಿ ಕೊಟ್ಟು ಕಳಿಸಿದರು.

ಅಂಗಡಿ ಖಾಲಿಯಾದ ಮೇಲೆ ಮೇಷ್ಟ್ರು ಕವರನ್ನು ಮುಟ್ಟದೆ ಹೇಳಿದರು: "ನಿಮಗೆ ಗೊತ್ತಲ್ಲ, ಗಿರಾಕಿ ಮನೆ ಕೀ ನಾನು ಇಟ್ಕೊಳ್ಳಲ್ಲ."

"ನಾನು ಗಿರಾಕೀನಾ?" ಎಂದರು ಆಕೆ. ಈಗ ಅಳುತ್ತಿದ್ದರು.

ಮೇಷ್ಟ್ರು ಕವರನ್ನು ಕೈಯಲ್ಲಿ ಹಿಡಿದುಕೊಂಡರು, ಅಷ್ಟೇ. ಚೀಲಕ್ಕೂ ಹಾಕಲಿಲ್ಲ, ಜೇಬಿಗೂ ಇಳಿಸಲಿಲ್ಲ. ಪುಟ್ಟ ಎಸೆದಿದ್ದ ಕೀಲಿಕೈಯನ್ನು ಮಾತ್ರ ನೆನಪಿಟ್ಟು ಎತ್ತಿಕೊಂಡರು.

ಸಂಜೆ ಷಟರ್ ಎಳೆಯುವವರೆಗೂ ಪುಟ್ಟ ಬರಲಿಲ್ಲ, ಫೋನ್ ಎತ್ತಲಿಲ್ಲ. ಇಬ್ಬರೂ ಮನೆಯ ಕಡೆ ನಡೆದರು. ಆಕೆ ದಾರಿಯುದ್ದಕ್ಕೂ ಒಂದೇ ಮಾತನ್ನು ಹೇಳುತ್ತಿದ್ದರು: "ಅವನಪ್ಪನ ಹಾಗೆ ಇವನೂ ಹೋಗಿಬಿಟ್ರೆ?" ಹಾಗೇನಾದರೂ ಆದರೆ ಆಕೆ ತನ್ನನ್ನು ಕ್ಷಮಿಸುವುದಿಲ್ಲ, ತಾನೂ ತನ್ನನ್ನು ಕ್ಷಮಿಸಿಕೊಳ್ಳುವುದಿಲ್ಲ ಎಂಬುದು ಮೇಷ್ಟ್ರಿಗೆ ಗೊತ್ತಿತ್ತು.

ತಿರುವು ದಾಟಿದರೆ ಮನೆ. ಬೀದಿ ದೀಪ ಆಗಷ್ಟೇ ಹತ್ತಿತ್ತು. ಮುಚ್ಚಿದ ಬಾಗಿಲ ಮುಂದೆ, ಮೇಲಿನ ಮೆಟ್ಟಿಲ ಮೇಲೆ, ಆರಡಿ ಎರಡಂಗುಲದ ಪುಟ್ಟ ಮಂಡಿ ಮಡಿಸಿಕೊಂಡು ಕೂತಿದ್ದ. ಇಡೀ ಊರು ಸುತ್ತಿ ಬಂದವನಿಗೆ ಮನೆಯೊಳಗೆ ಹೋಗಲು ಕೀಲಿಕೈ ಇರಲಿಲ್ಲ. ಅಂಗಡಿಗೆ ಬಂದು ಕೇಳಲು ಸ್ವಾಭಿಮಾನ ಬಿಟ್ಟಿರಲಿಲ್ಲ.

ಆ ಮುಖವನ್ನು ಮೇಷ್ಟ್ರು ಮೂವತ್ತೊಂದು ವರ್ಷದಲ್ಲಿ ಸಾವಿರ ಸಲ ನೋಡಿದ್ದರು. ತಮ್ಮದೇ ಬಾಗಿಲ ಹೊರಗೆ ಕೂತವರ ಮುಖ ಅದು. ಬಡವ, ಶ್ರೀಮಂತ, ದೊಡ್ಡವ, ಚಿಕ್ಕವ, ಎಲ್ಲರದೂ ಒಂದೇ ಥರ ಇರುತ್ತದೆ. ಬೆಳಗಿನಿಂದ ಇವನ ಮೇಲೆ ಕುದಿಯುತ್ತಿದ್ದ ಸಿಟ್ಟು ಎಲ್ಲಿ ಹೋಯಿತೋ ಅವರಿಗೇ ತಿಳಿಯಲಿಲ್ಲ.

ಆಕೆ ಬ್ಯಾಗಿಗೆ ಕೈ ಹಾಕಿದರು. ಇಷ್ಟು ದಿನ ಆಕೆ ಬಳಸುತ್ತಿದ್ದುದು ಗುಂಡಿ ಡಬ್ಬಿಯ ಕೀಲಿಕೈ. ಮೇಷ್ಟ್ರು ಬೇಡವೆಂದು ಕಣ್ಣಲ್ಲೇ ಹೇಳಿ, ಹೋಗಿ ಪುಟ್ಟನಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತರು. ಅವನು ಮುಖ ತಿರುಗಿಸಿದ. ಮೇಷ್ಟ್ರು ಅವನ ಕೀಲಿಕೈಯನ್ನು ಚಾಚಿದರು.

"ತಲೆ ಅಂಚಲ್ಲಿ ಉಗುರು ಆಡಿಸಿ ನೋಡು."

"ನಿಮ್ಮ ಪಾಠ ಬೇಡ ಅಂಕಲ್."

"ಇವತ್ತು ಕಾಲು ಗಂಟೆ ಇಲ್ಲ, ಅರ್ಧ ನಿಮಿಷ."

ಅವನು ಮುಖ ತಿರುಗಿಸಿಕೊಂಡೇ ಕೈ ನೀಡಿದ. ಉಗುರು ಆಡಿಸಿದ. "ಏನೋ ಗೀರಿದೆ."

"ಎಷ್ಟು?"

"ಒಂದು."

"ಪ್ರತಿ ಕೀಗೂ ನಂಬರ್ ಹಾಕ್ತೀನಿ. ಅವತ್ತು ನಿಮ್ಮಮ್ಮನ್ನ ಮೊದಲನೇದು ಯಾರಿಗೆ ಅಂತ ಕೇಳ್ದೆ. ಕೇಳಿ ಮುಗಿಸೋಕೆ ಮುಂಚೆ ಪುಟ್ಟನಿಗೆ ಅಂದ್ರು. ಎರಡನೇದು ಅವರದು." ಮೇಷ್ಟ್ರು ಕವರು ಹರಿದು ಅದರೊಳಗಿದ್ದದ್ದನ್ನೂ ಅವನ ಅಂಗೈಗೆ ಹಾಕಿದರು. "ಇದರಲ್ಲಿ ಎರಡು. ನನಗೆ ಕೊಟ್ಟಿದ್ದು ತನ್ನದನ್ನ. ನಿನ್ನದನ್ನ ಯಾರೂ ಮುಟ್ಟಿಲ್ಲ ಕಣಪ್ಪ."

ಪುಟ್ಟ ಎರಡನ್ನೂ ಮತ್ತೆ ಮತ್ತೆ ಉಗುರಿನಿಂದ ತಡವಿದ. ಆಕೆ ಕೆಳಗೆ ರಸ್ತೆಯಲ್ಲೇ ನಿಂತಿದ್ದರು. ಎರಡು ಕೀಲಿಕೈಗಳೂ ಈಗ ಅವನ ಕೈಯಲ್ಲಿದ್ದವು. ಚರಂಡಿಗೆ ಎಸೆಯಬಹುದಿತ್ತು, ಒಳಗೆ ಹೋಗಿ ಚಿಲಕ ಹಾಕಿಕೊಳ್ಳಬಹುದಿತ್ತು.

"ನೀವೂ ಒಂದಿನ ಕೀ ಜೇಬಲ್ಲಿಟ್ಕೊಂಡು ಹೋಗ್ಬಿಟ್ರೆ?" ಎಂದ. ಆ ದನಿ ಇಪ್ಪತ್ತೆಂಟರದಾಗಿರಲಿಲ್ಲ.

ಹೋಗಲ್ಲ ಎಂದು ಆಣೆ ಹಾಕುವುದು ಸುಲಭವಿತ್ತು. ಹೋದವರೂ ಆಣೆ ಹಾಕಿಯೇ ಹೋಗಿರುತ್ತಾರೆ. ಮೇಷ್ಟ್ರು ಯೋಚಿಸಿ ತಮಗೆ ಗೊತ್ತಿದ್ದದ್ದನ್ನೇ ಹೇಳಿದರು. "ಹೋದ್ರೆ ನೀನು ಅವತ್ತೇ ಬೀಗ ಬದಲಾಯಿಸು. ಇಪ್ಪತ್ತೆರಡು ವರ್ಷ ಕಾಯ್ಬೇಡ. ಹೇಗೆ ಬದಲಾಯಿಸೋದು ಅಂತ ನಾಳೆಯಿಂದ ನಾನೇ ಕಲಿಸ್ತೀನಿ."

ಪುಟ್ಟ ಎದ್ದ. ಒಂದು ಗೀರಿನ ಕೀಲಿಕೈಯಿಂದ ಬಾಗಿಲು ತೆಗೆದ. ಇನ್ನೊಂದನ್ನು ತಿರುಗಿ ನೋಡದೆ ಹಿಂದಕ್ಕೆ ಚಾಚಿದ. ಮೇಷ್ಟ್ರು ತೆಗೆದುಕೊಂಡರು. ಜೀವಮಾನದಲ್ಲಿ ಮೊದಲ ಸಲ ಬೇರೆಯವರ ಮನೆಯ ಕೀಲಿಕೈಯನ್ನು ಜೇಬಿಗೆ ಇಳಿಸಿದರು.

ಅವನು ಒಳಗೆ ಹೋಗಿ ದೀಪ ಹಾಕಿದ. ಆಕೆ ಮೆಟ್ಟಿಲು ಹತ್ತಿ, ಮೇಷ್ಟ್ರ ತೋಳು ಮುಟ್ಟಿ, ಮಗನ ಹಿಂದೆ ಹೋದರು. ಮೇಷ್ಟ್ರು ಹೊಸ್ತಿಲ ಹೊರಗೇ ನಿಂತರು. ಕರೆಯದೆ ಒಳಗೆ ಹೋಗಿ ಅವರಿಗೆ ಅಭ್ಯಾಸವಿರಲಿಲ್ಲ. ಒಳಗೆ ನಲ್ಲಿ ತಿರುಗಿಸಿದ ಸದ್ದು, ಪಾತ್ರೆಯ ಸದ್ದು.

"ಅಂಕಲ್," ಎಂದ ಪುಟ್ಟ ಅಡುಗೆಮನೆಯಿಂದ. "ಚಳಿ ಬರ್ತಿದೆ. ಬಾಗಿಲು ಹಾಕ್ಕೊಂಡು ಒಳಗ್ ಬನ್ನಿ."